ಹಗುರ ಲೈಬ್ರರಿ, ಬಿಗಿ ಕರಾರು

ಕುವೈತ್ ನಗರದ ಪಶ್ಚಿಮಕ್ಕೆ, ಇರಾಕಿನ ಕಡೆ ಸಾಗುವ ಹೆದ್ದಾರಿಯ ದಾರಿಯಲ್ಲಿರುವ ಜಹ್ರಾದಿಂದ ಉಡುಪಿಗೋ ಭಟ್ಕಳಕ್ಕೋ ಹಣ ಕಳಿಸುವುದು ಬೆರಳ ತುದಿಯ ಕೆಲಸ ಎಂದು ಜಾಹೀರಾತುಗಳು ಹೇಳುತ್ತವೆ. ಬೆರಳು ಒತ್ತಿದ ಮೇಲೆ ಏನಾಗುತ್ತದೆ ಎಂಬುದನ್ನು ಅವು ಹೇಳುವುದಿಲ್ಲ. ವಿದೇಶಿ ಮೊಬೈಲ್ ನಂಬರಿಟ್ಟುಕೊಂಡೇ ಎನ್‌ಆರ್‌ಐ ಖಾತೆಗಳಲ್ಲಿ ಯುಪಿಐ ಬಳಸಲು, ಅದನ್ನು ನಡೆಸುವ ಎನ್‌ಪಿಸಿಐ 2023ರ ಜನವರಿಯಲ್ಲಿ ಅವಕಾಶ ಕೊಟ್ಟಾಗ, ಮೊದಲ ಹತ್ತು ದೇಶಗಳ ಪಟ್ಟಿಯಲ್ಲಿ ಸೌದಿ, ಯುಎಇ, ಒಮಾನ್, ಕತಾರ್ ಇದ್ದವು, ಕುವೈತ್ ಇರಲಿಲ್ಲ. ಹಾಗಾಗಿ ಅಲ್ಲಿ ದುಡಿಯುವ ಕನ್ನಡಿಗನಿಗೆ ಎಕ್ಸ್‌ಚೇಂಜ್ ಕಂಪನಿಗಳೂ ಅವುಗಳ ಆ್ಯಪ್‌ಗಳೂ ಅನಿವಾರ್ಯ. ಫೋನಿನಿಂದ ಕಂಪನಿಯ ಸರ್ವರಿಗೆ, ಅಲ್ಲಿಂದ ಭಾರತದ ಬ್ಯಾಂಕಿಗೆ, ಅಲ್ಲಿಂದ ಊರಿನ ಖಾತೆಗೆ ಸಂದೇಶ ಹೋಗಬೇಕು, ಪ್ರತಿ ಹಂತದಿಂದಲೂ ಉತ್ತರ ತಿರುಗಿ ಬರಬೇಕು. ಯಾವ ಹಂತವೂ ಇಂತಿಷ್ಟೇ ಹೊತ್ತಿಗೆ ಉತ್ತರಿಸುತ್ತೇನೆ ಎಂದು ಬರೆದುಕೊಟ್ಟಿರುವುದಿಲ್ಲ. ಅಷ್ಟು ಹೊತ್ತೂ ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಿರುತ್ತದೆ. ಆ ಚಕ್ರದ ಹಿಂದಿನ ಕೋಡ್ ಹೇಗಿರಬೇಕು ಎಂಬುದು ಎಂಜಿನಿಯರುಗಳ ಒಳಮನೆಯ ಮಾತು ಎಂದು ಉಳಿದವರು ಕೈತೊಳೆದುಕೊಳ್ಳುವುದು ಸರಿಯಲ್ಲ. ಕಾಯುವ ಕೆಲಸವನ್ನು ನಿಭಾಯಿಸಲು ಪ್ರೋಗ್ರಾಮರುಗಳು ಬಳಸುವ ‘ಪ್ರಾಮಿಸ್’ ಎಂಬ ಸಲಕರಣೆಯ ಬಲ ಇರುವುದು ಅದರ ಸೌಲಭ್ಯಗಳ ಉದ್ದನೆಯ ಪಟ್ಟಿಯಲ್ಲಲ್ಲ, ಮೂರ್ನಾಲ್ಕು ಬಿಗಿ ನಿಯಮಗಳಲ್ಲಿ. ಆದ್ದರಿಂದ ಆ ನಿಯಮಗಳನ್ನು ಪೂರ್ತಿ ಪಾಲಿಸುವ ಹಗುರವಾದ ಲೈಬ್ರರಿಯೇ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಚಿಕ್ಕ ಕಂತೆಯೇ, ಸಾಕು, ಅದಕ್ಕಿಂತ ಭಾರವಾದದ್ದು ಬಹುತೇಕ ಕಡೆ ಬೇಡ. ಇದು ನನ್ನ ವಾದ.

ಹಿನ್ನೆಲೆ ಸ್ವಲ್ಪ ಬೇಕು. ಬ್ರೆಂಡನ್ ಐಕ್ 1995ರಲ್ಲಿ ನೆಟ್‌ಸ್ಕೇಪ್ ಕಂಪನಿಗಾಗಿ ಹತ್ತು ದಿನಗಳಲ್ಲಿ ಹೊಸೆದ ಜಾವಾಸ್ಕ್ರಿಪ್ಟ್ ಭಾಷೆ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತದೆ. ಸರ್ವರಿನ ಉತ್ತರಕ್ಕಾಗಿ ಅದು ನಿಂತು ಕಾದರೆ ಇಡೀ ಪುಟ ಮರಗಟ್ಟಿಬಿಡುತ್ತದೆ. ಆದ್ದರಿಂದ ಕೇಳಿಕೆಯನ್ನು ಕಳಿಸಿ, ‘ಉತ್ತರ ಬಂದಾಗ ಈ ಫಂಕ್ಷನ್ ಕರೆ’ ಎಂದು ಹೇಳಿ ಮುಂದಿನ ಕೆಲಸಕ್ಕೆ ಹೋಗುವುದು ವಾಡಿಕೆಯಾಯಿತು. ಹಾಗೆ ಕರೆಯಬೇಕಾದ ಫಂಕ್ಷನ್ನಿಗೆ ಕಾಲ್‌ಬ್ಯಾಕ್ ಎಂದು ಹೆಸರು. ಒಂದು ಕಾಲ್‌ಬ್ಯಾಕ್ ಇದ್ದರೆ ತೊಂದರೆಯಿಲ್ಲ. ಲಾಗಿನ್ ಆದ ಮೇಲೆ ದರ, ದರ ಬಂದ ಮೇಲೆ ಖಾತೆಯ ತಪಾಸಣೆ, ಅದಾದ ಮೇಲೆ ಒಟಿಪಿ, ಆಮೇಲೆ ಪಾವತಿ ಎಂದು ಒಂದರ ಹೊಟ್ಟೆಯಲ್ಲಿ ಇನ್ನೊಂದು ಸೇರುತ್ತ ಹೋದಂತೆ ಕೋಡು ಬಲಕ್ಕೆ ವಾಲುತ್ತದೆ. ಪ್ರತಿ ಮೆಟ್ಟಿಲಲ್ಲೂ ‘ತಪ್ಪಾದರೆ ಏನು’ ಎಂಬುದನ್ನು ಬೇರೆಯಾಗಿ ಬರೆಯಬೇಕಾಗುತ್ತದೆ, ಮತ್ತು ಎಲ್ಲೋ ಒಂದು ಕಡೆ ಮರೆತೇ ಹೋಗುತ್ತದೆ. ಪ್ರಾಮಿಸ್ ಈ ಲೆಕ್ಕವನ್ನು ಬದಲಿಸಿತು. ದರ್ಶಿನಿಯ ಕೌಂಟರಿನಲ್ಲಿ ದೋಸೆಗೆ ದುಡ್ಡು ಕೊಟ್ಟವನ ಕೈಗೆ ಟೋಕನ್ ಬಂದಂತೆ, ಕೇಳಿಕೆ ಕಳಿಸಿದ ತಕ್ಷಣ ಒಂದು ವಸ್ತು ಕೈಗೆ ಬರುತ್ತದೆ. ಅದಕ್ಕೆ ಮೂರೇ ಸ್ಥಿತಿ: ಬಾಕಿ, ಕೈಗೂಡಿತು, ವಿಫಲವಾಯಿತು. ಆ ವಸ್ತುವನ್ನು ಇನ್ನೊಂದು ಫಂಕ್ಷನ್ನಿಗೆ ದಾಟಿಸಬಹುದು, ‘ದೆನ್’ ಎಂದು ಮುಂದಿನ ಹೆಜ್ಜೆ ಜೋಡಿಸಬಹುದು, ಸಾಲಿನ ಕೊನೆಗೆ ಒಂದೇ ‘ಕ್ಯಾಚ್’ ಇಟ್ಟು ನಡುವೆ ಎಲ್ಲಿ ಎಡವಿದರೂ ಅಲ್ಲಿಗೆ ಬರುವಂತೆ ಮಾಡಬಹುದು.

ಇದು ಬ್ರೌಸರುಗಳ ಕಾಲದ ಕಲ್ಪನೆಯೇನೂ ಅಲ್ಲ. ಡೇನಿಯಲ್ ಫ್ರೀಡ್‌ಮನ್ ಮತ್ತು ಡೇವಿಡ್ ವೈಸ್ 1976ರಲ್ಲೇ ಈ ಹೆಸರಿಟ್ಟಿದ್ದರು. ಎಂಐಟಿಯ ಬಾರ್ಬರಾ ಲಿಸ್ಕೊವ್ ಮತ್ತು ಲಿಯುಬಾ ಶ್ರೀರಾ 1988ರಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನು ಪರಸ್ಪರ ದೂರವಿರುವ ಯಂತ್ರಗಳ ಸಂವಾದಕ್ಕೆ ಒಗ್ಗಿಸಿತು. ಅಂದರೆ ಈ ಸಲಕರಣೆ ಪ್ರೌಢವಾದದ್ದೇ ಜಹ್ರಾ ಮತ್ತು ಉಡುಪಿಯ ನಡುವೆ ಇರುವಂಥ ದೂರ ಮತ್ತು ಅನಿಶ್ಚಿತತೆಗಾಗಿ. ಜಾವಾಸ್ಕ್ರಿಪ್ಟ್‌ಗೆ ಬರಲು ಮಾತ್ರ ಅದಕ್ಕೆ ಎರಡು ದಶಕ ಹಿಡಿಯಿತು. 2009ರಲ್ಲಿ ಜಾವಾಸ್ಕ್ರಿಪ್ಟ್ ಪ್ರೋಗ್ರಾಮರುಗಳ ಕಾಮನ್‌ಜೆಎಸ್ ಬಳಗದಲ್ಲಿ ಕ್ರಿಸ್ ಝೈಪ್ ಒಂದು ಪ್ರಸ್ತಾವ ಇಟ್ಟರು. 2011ರ ಜನವರಿಯಲ್ಲಿ ಜೆಕ್ವೆರಿ ಎಂಬ ಲೈಬ್ರರಿಯ 1.5ನೇ ಆವೃತ್ತಿ ‘ಡಿಫರ್ಡ್’ ಎಂಬ ತನ್ನದೇ ಬಗೆಯನ್ನು ಲಕ್ಷಾಂತರ ಪುಟಗಳಿಗೆ ಹಂಚಿತು. ಹಂಚಿದ್ದರಲ್ಲಿ ಒಂದು ದೊಡ್ಡ ಐಬಿತ್ತು. ‘ದೆನ್’ ಒಳಗಿನ ಕೋಡು ಎಡವಿ ಬಿದ್ದರೆ ಆ ದೋಷ ಸರಪಳಿಯ ಕೊನೆಯ ತನಕ ಹರಿಯುತ್ತಿರಲಿಲ್ಲ. ಡೊಮೆನಿಕ್ ಡೆನಿಕೋಲಾ 2012ರ ಅಕ್ಟೋಬರಿನಲ್ಲಿ ಬರೆದ ಲೇಖನವೊಂದು ಈ ಐಬನ್ನೇ ಎತ್ತಿ ತೋರಿಸಿತು: ಪ್ರಾಮಿಸ್ ಎಂದರೆ ಕಾಲ್‌ಬ್ಯಾಕುಗಳನ್ನು ಸಾಲಾಗಿ ಜೋಡಿಸುವ ಚಂದದ ವಿಧಾನವಲ್ಲ, ಸಾಮಾನ್ಯ ಫಂಕ್ಷನ್ನಿಗೆ ಇರುವ ‘ಉತ್ತರ ಕೊಡು ಅಥವಾ ದೋಷ ಎಸೆ’ ಎಂಬ ಶಿಸ್ತನ್ನು ಕಾಯುವ ಕೋಡಿಗೂ ತರುವುದು ಎಂಬುದು ಅದರ ತಿರುಳು. ಅದರ ಸುತ್ತಮುತ್ತಲ ವರ್ಷಗಳಲ್ಲಿ ರೂಪುಗೊಂಡ ‘ಪ್ರಾಮಿಸಸ್ ಎ ಪ್ಲಸ್’ ಎಂಬ ನಿಯಮಾವಳಿ ಕೆಲವೇ ನಿಮಿಷಗಳಲ್ಲಿ ಓದಿ ಮುಗಿಸುವಷ್ಟು ಚಿಕ್ಕದು. ಪ್ರಾಮಿಸ್ ಹುಟ್ಟಿಸುವುದು ಹೇಗೆ ಎಂದು ಕೂಡ ಅದು ಹೇಳುವುದಿಲ್ಲ. ‘ದೆನ್’ ಹೇಗೆ ನಡೆದುಕೊಳ್ಳಬೇಕು ಎಂದಷ್ಟೇ ಹೇಳುತ್ತದೆ. ಜತೆಗೆ 872 ಪರೀಕ್ಷೆಗಳ ಒಂದು ಕಂತೆ ಇದೆ. ಯಾರು ಬೇಕಾದರೂ ಲೈಬ್ರರಿ ಬರೆಯಬಹುದು, ಆ ಪರೀಕ್ಷೆಗಳಲ್ಲಿ ಪಾಸಾಗಬೇಕು. ದೊಡ್ಡದೋ ಚಿಕ್ಕದೋ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ನಿಯಮಗಳು ಯಾಕೆ ಮುಖ್ಯ ಎಂದು ತಿಳಿಯಲು ಒಂದು ತುಣುಕು ಕೋಡನ್ನು ಹತ್ತಿರದಿಂದ ನೋಡಬೇಕು. ದಿನಾರಿಗೆ ಇವತ್ತಿನ ರೂಪಾಯಿ ದರ ತರುವ ಫಂಕ್ಷನ್ ಒಂದಿದೆ ಎನ್ನೋಣ. ಮೊದಲ ಸಾಲಿನಲ್ಲಿ ಅದನ್ನು ಕರೆಯುತ್ತೇವೆ, ಉತ್ತರ ಬಂದಾಗ ಚಕ್ರವನ್ನು ನಿಲ್ಲಿಸುವ ಕಾಲ್‌ಬ್ಯಾಕ್ ಕೊಡುತ್ತೇವೆ. ಎರಡನೆಯ ಸಾಲಿನಲ್ಲಿ ಚಕ್ರವನ್ನು ಸುತ್ತಲು ಬಿಡುತ್ತೇವೆ. ದರ ನೆಟ್‌ವರ್ಕಿನಿಂದ ಬರುವ ತನಕ ಎಲ್ಲ ಸರಿ: ಮೊದಲು ಚಕ್ರ ಸುತ್ತುತ್ತದೆ, ಉತ್ತರ ಬಂದಾಗ ನಿಲ್ಲುತ್ತದೆ. ಮುಂದೊಂದು ದಿನ ಯಾರೋ ಜಾಣರು, ಹತ್ತು ನಿಮಿಷದ ಹಿಂದಿನ ದರ ಫೋನಿನಲ್ಲೇ ಇದ್ದರೆ ಅದನ್ನೇ ಕೊಡು ಎಂದು ಸುಧಾರಣೆ ಮಾಡುತ್ತಾರೆ. ಈಗ ಫಂಕ್ಷನ್ ಕರೆದ ಮರುಕ್ಷಣವೇ, ಎರಡನೆಯ ಸಾಲು ಓಡುವ ಮೊದಲೇ, ಕಾಲ್‌ಬ್ಯಾಕ್ ಓಡಿಬಿಡುತ್ತದೆ. ಇನ್ನೂ ಶುರುವಾಗದ ಚಕ್ರವನ್ನು ಅದು ನಿಲ್ಲಿಸುತ್ತದೆ; ಆಮೇಲೆ ಎರಡನೆಯ ಸಾಲು ಬಂದು ಚಕ್ರವನ್ನು ಸುತ್ತಿಸುತ್ತದೆ; ನಿಲ್ಲಿಸುವವರು ಯಾರೂ ಉಳಿದಿರುವುದಿಲ್ಲ. ದರ ಕೈಯಲ್ಲೇ ಇದೆ, ನೆಟ್‌ವರ್ಕ್ ಸೊಗಸಾಗಿದೆ, ಗಿರಾಕಿ ಮಾತ್ರ ಕಾಯುತ್ತ ಕೂತಿದ್ದಾನೆ. ಇಂಥ ದೋಷ ಪ್ರೋಗ್ರಾಮರನ ಮೇಜಿನ ಮೇಲೆ ಸಿಕ್ಕಿಬೀಳುವುದು ಕಷ್ಟ, ಏಕೆಂದರೆ ಅದು ಕೆಲವೊಮ್ಮೆ ಮಾತ್ರ ಕಾಣಿಸಿಕೊಳ್ಳುತ್ತದೆ. ಎ ಪ್ಲಸ್ ನಿಯಮಾವಳಿ ಇದನ್ನು ಒಂದೇ ಕಲಮಿನಲ್ಲಿ ತಡೆಯುತ್ತದೆ: ಉತ್ತರ ಮೊದಲೇ ಸಿದ್ಧವಿದ್ದರೂ, ಈಗ ಓಡುತ್ತಿರುವ ಕೋಡು ಪೂರ್ತಿ ಮುಗಿದ ಮೇಲೆಯೇ ‘ದೆನ್’ ಒಳಗಿನದ್ದು ಓಡಬೇಕು. ಜೆಕ್ವೆರಿಯಷ್ಟು ದೊಡ್ಡ, ಅಷ್ಟು ಜನಪ್ರಿಯ ಲೈಬ್ರರಿ ಈ ಕಲಮನ್ನು ಪಾಲಿಸತೊಡಗಿದ್ದು 2016ರ ಜೂನಿನಲ್ಲಿ, 3.0ನೇ ಆವೃತ್ತಿಯಿಂದ. ಅದಕ್ಕೆ ವರ್ಷಗಳ ಮೊದಲೇ ಕೈಬೆರಳೆಣಿಕೆಯಷ್ಟು ಜನ ಬರೆದ ಪುಟ್ಟ ಲೈಬ್ರರಿಗಳು ಪಾಲಿಸುತ್ತಿದ್ದವು. ಗಾತ್ರಕ್ಕೂ ಗುಣಕ್ಕೂ ನಂಟಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕೆನಿಸುವುದಿಲ್ಲ.

ಎರಡನೆಯ ನಿಯಮ ಇನ್ನೂ ಸರಳ, ಹಣದ ವಿಷಯದಲ್ಲಿ ಇನ್ನೂ ಬೆಲೆಯುಳ್ಳದ್ದು. ಪ್ರಾಮಿಸ್ ಒಮ್ಮೆ ತೀರ್ಮಾನವಾದರೆ ಮುಗಿಯಿತು, ಮತ್ತೆ ಬದಲಾಗದು. ಕಾಲ್‌ಬ್ಯಾಕಿಗೆ ಈ ಕಟ್ಟು ಇಲ್ಲ. ಮೂವತ್ತು ಸೆಕೆಂಡು ಕಳೆಯಿತೆಂದು ಒಮ್ಮೆ ‘ವಿಫಲ’ ಎಂದು ಕರೆಯಬಹುದು, ಮೂವತ್ತೊಂದನೆಯ ಸೆಕೆಂಡಿಗೆ ಉತ್ತರ ಬಂತೆಂದು ‘ಯಶಸ್ವಿ’ ಎಂದು ಮತ್ತೊಮ್ಮೆ ಕರೆಯಬಹುದು; ಎರಡು ರಸೀದಿ, ಎರಡು ಎಸ್ಸೆಮ್ಮೆಸ್. ಮೂರನೆಯದು, ಸೋಲು ಸದ್ದಿಲ್ಲದೆ ಕಳೆದುಹೋಗಬಾರದು ಎಂಬುದು. ಇಲ್ಲಿ ಭಾಷೆಯ ಒಳಗಿನ ಪ್ರಾಮಿಸ್ಸೇ ಬಹುಕಾಲ ಸಡಿಲವಾಗಿತ್ತು. ಯಾರೂ ‘ಕ್ಯಾಚ್’ ಹಾಕದ ವೈಫಲ್ಯಕ್ಕೆ, ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ ಬರೀ ಎಚ್ಚರಿಕೆಯ ಸಾಲೊಂದನ್ನು ಮುದ್ರಿಸಿ ಸುಮ್ಮನಾಗುತ್ತಿತ್ತು. 2020ರ ಅಕ್ಟೋಬರಿನಲ್ಲಿ ಬಂದ 15ನೇ ಆವೃತ್ತಿಯಿಂದ ಪ್ರೋಗ್ರಾಮನ್ನೇ ನಿಲ್ಲಿಸತೊಡಗಿತು. ಸರ್ವರ್ ಬೀಳುವುದು ಕಿರಿಕಿರಿಯೇ ಸರಿ. ಆದರೆ ಹಣ ಎಲ್ಲಿ ನಿಂತಿತು ಎಂದು ಯಾರಿಗೂ ತಿಳಿಯದಂತೆ ಓಡುತ್ತಲೇ ಇರುವ ಸರ್ವರಿಗಿಂತ ಬಿದ್ದ ಸರ್ವರ್ ಮೇಲು.

‘ಇದೆಲ್ಲ ಹಳೆಯ ಕಥೆ, ಪ್ರಾಮಿಸ್ ಈಗ ಭಾಷೆಯಲ್ಲೇ ಇದೆ, ಲೈಬ್ರರಿ ಯಾಕೆ?’ ಎಂಬುದು ಮೊದಲ ಆಕ್ಷೇಪ. ಆಕ್ಷೇಪ ನ್ಯಾಯವಾದದ್ದೇ, ಮತ್ತು ಅದು ನನ್ನ ವಾದವನ್ನು ಕೆಡಿಸುವ ಬದಲು ಗಟ್ಟಿ ಮಾಡುತ್ತದೆ. 2015ರ ಜೂನಿನ ಇಎಸ್ 2015 ಎಂಬ ಜಾವಾಸ್ಕ್ರಿಪ್ಟ್ ಮಾನಕ ಭಾಷೆಯೊಳಗೆ ತಂದದ್ದು ಯಾವುದೋ ಭಾರಿ ಲೈಬ್ರರಿಯ ನೂರಾರು ಸೌಲಭ್ಯಗಳನ್ನಲ್ಲ, ಆ ತೆಳ್ಳನೆಯ ನಿಯಮಾವಳಿಯ ತಿರುಳನ್ನು. ವೇಗ ಮತ್ತು ಸೌಲಭ್ಯ ಎರಡರಲ್ಲೂ ಹೆಸರಾಗಿದ್ದ ಬ್ಲೂಬರ್ಡ್ ಲೈಬ್ರರಿಯ ಪರಿಚಯ ಪುಟವೇ ಈಗ, ಸಾಧ್ಯವಿದ್ದಲ್ಲೆಲ್ಲ ಭಾಷೆಯ ಒಳಗಿನ ಪ್ರಾಮಿಸ್ ಬಳಸಿ ಎಂದು ಹೇಳುತ್ತದೆ. ತನ್ನ ಅಂಗಡಿಯ ಮುಂದೆ ತಾನೇ ಇಂಥ ಬೋರ್ಡು ಹಾಕುವ ಪ್ರಾಮಾಣಿಕತೆ ಎಲ್ಲ ಕಡೆ ಸಿಗುವುದಿಲ್ಲ. ಆದರೂ ಹಳೆಯ ಬ್ರೌಸರುಗಳ ಪ್ರಶ್ನೆ ಇದೆ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11ಕ್ಕೆ ಪ್ರಾಮಿಸ್ ಕೊನೆಗೂ ಬರಲಿಲ್ಲ. ಅಂಥ ಕಡೆ ಬೇಕಾದದ್ದು, ಕುಗ್ಗಿಸಿದಾಗ ಸುಮಾರು ಒಂದು ಕಿಲೋಬೈಟ್ ತೂಗುವ ‘ಪ್ರಾಮಿಸ್ ಪಾಲಿಫಿಲ್’ ಎಂಬ ಲೈಬ್ರರಿಯಂಥದ್ದು, ಪ್ರಾಮಿಸ್ ಒಂದಕ್ಕಾಗಿ ಮೂವತ್ತು ಕಿಲೋಬೈಟಿನ ಜೆಕ್ವೆರಿಯನ್ನು ಹೊತ್ತು ತರಬೇಕಿಲ್ಲ. 2017ರಲ್ಲಿ ಬಂದ ಜಿಯೋಫೋನನ್ನೇ ನೋಡಿ. ಅದರ ಕೈಓಎಸ್ ಒಳಗಿರುವ ಬ್ರೌಸರ್ ಎಂಜಿನ್ ಗೆಕೊ 48, ನೆನಪಿನ ಸಾಮರ್ಥ್ಯ 512 ಎಂಬಿ. ಆ ಗೆಕೊಗೆ ಪ್ರಾಮಿಸ್ ಗೊತ್ತು. 2017ರ ಮಾನಕದಲ್ಲಿ ಸೇರಿದ, ಕಾಯುವ ಕೋಡನ್ನು ಸಾಮಾನ್ಯ ಕೋಡಿನಂತೆ ಬರೆಯಲು ಬಿಡುವ ‘ಎಸಿಂಕ್ ಅವೇಟ್’ ಗೊತ್ತಿಲ್ಲ. ಅವೇಟ್ ಬಂದ ಮೇಲೆ ಪ್ರಾಮಿಸ್ಸಿನ ಕಾಲ ಮುಗಿಯಿತು ಎನ್ನುವವರು ಎರಡು ಸಂಗತಿ ಮರೆಯುತ್ತಾರೆ: ಅವೇಟ್ ಕಾಯುವುದೇ ಪ್ರಾಮಿಸ್ಸಿಗಾಗಿ, ಮತ್ತು ಅವೇಟ್ ಇಲ್ಲದ ಫೋನುಗಳನ್ನು ಊರಿನ ಅಪ್ಪ ಅಮ್ಮಂದಿರು ಬೆಂಗಳೂರಿನ ಎಂಜಿನಿಯರಿನಷ್ಟು ಬೇಗ ಎಸೆಯುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಚಿಕ್ಕ ಲೈಬ್ರರಿಗಳನ್ನು ನಂಬಿ ಕೆಟ್ಟವರಿದ್ದಾರೆ. 2016ರ ಮಾರ್ಚಿನಲ್ಲಿ ‘ಲೆಫ್ಟ್ ಪ್ಯಾಡ್’ ಎಂಬ ಹನ್ನೊಂದು ಸಾಲಿನ ಕೋಡನ್ನು ಅದರ ಕರ್ತೃ, ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಎನ್‌ಪಿಎಂ ಭಂಡಾರದಿಂದ ಹಿಂತೆಗೆದಾಗ ಜಗತ್ತಿನಾದ್ಯಂತ ಪ್ರಾಜೆಕ್ಟುಗಳು ಮುಗ್ಗರಿಸಿದವು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು ‘ಈಸ್ ಪ್ರಾಮಿಸ್’ ಪ್ರಸಂಗ. ಒಂದು ವಸ್ತು ಪ್ರಾಮಿಸ್ ಹೌದೋ ಅಲ್ಲವೋ ಎಂದು ನೋಡುವುದಷ್ಟೇ ಅದರ ಕೆಲಸ, ಅದಕ್ಕೆ ಒಂದೆರಡು ಸಾಲು. 2020ರ ಏಪ್ರಿಲಿನಲ್ಲಿ ಅದರ ಹೊಸ ಆವೃತ್ತಿಯನ್ನು ಹೊರಡಿಸುವಾಗ ಆದ ಎಡವಟ್ಟು ರಿಯಾಕ್ಟ್ ಆ್ಯಪ್ ಶುರುಮಾಡುವ ಪ್ರಸಿದ್ಧ ಸಲಕರಣೆಯನ್ನೂ ಕೆಲವು ಗಂಟೆ ಕೆಡವಿತು. 2024ರ ಜೂನಿನಲ್ಲಿ ‘ಪಾಲಿಫಿಲ್ ಡಾಟ್ ಐಒ’ ಎಂಬ ತಾಣ, ಮಾಲೀಕತ್ವ ಕೈಬದಲಾದ ಮೇಲೆ, ಒಂದು ಲಕ್ಷಕ್ಕೂ ಹೆಚ್ಚು ವೆಬ್‌ಸೈಟುಗಳಿಗೆ ದುರುದ್ದೇಶದ ಕೋಡು ಉಣಿಸುತ್ತಿದ್ದದ್ದು ಬಯಲಾಯಿತು. ಹಳೆಯ ಬ್ರೌಸರುಗಳಿಗೆ ಪ್ರಾಮಿಸ್ ಒದಗಿಸುವುದೂ ಅದರ ಸೇವೆಗಳಲ್ಲೊಂದಾಗಿತ್ತು. ಇಷ್ಟೆಲ್ಲ ಆದ ಮೇಲೆ ಹಗುರ ಲೈಬ್ರರಿಯ ಪರ ಮಾತಾಡುವುದು ಹೇಗೆ? ಈ ಪ್ರಸಂಗಗಳಲ್ಲಿ ಅನಾಹುತವಾದದ್ದು ಕೋಡು ಚಿಕ್ಕದಾಗಿದ್ದರಿಂದಲ್ಲ. ಅದನ್ನು ಯಾರೂ ಓದದೆ, ಆವೃತ್ತಿಯನ್ನು ಕಟ್ಟಿಹಾಕದೆ, ಬೇರೆಯವರ ಮನೆಯಿಂದ ದಿನವೂ ತಾಜಾ ತರಿಸಿಕೊಳ್ಳುತ್ತಿದ್ದುದರಿಂದ ಆಯಿತು. ಹಗುರ ಪ್ರಾಮಿಸ್ ಲೈಬ್ರರಿಯ ದೊಡ್ಡ ಲಾಭವೇ ಇದು: ಅದು ಒಂದು ಫೈಲು, ಕೆಲವು ನೂರು ಸಾಲು, ಒಬ್ಬ ಎಂಜಿನಿಯರ್ ಒಂದು ಮಧ್ಯಾಹ್ನದಲ್ಲಿ ಪೂರ್ತಿ ಓದಬಹುದು, ತನ್ನ ಪ್ರಾಜೆಕ್ಟಿನೊಳಗೇ ಇಟ್ಟುಕೊಂಡು 872 ಪರೀಕ್ಷೆಗಳನ್ನೂ ಓಡಿಸಿ ನೋಡಬಹುದು. ಹತ್ತಾರು ಉಪಲೈಬ್ರರಿಗಳನ್ನು ಬಾಲಕ್ಕೆ ಕಟ್ಟಿಕೊಂಡು ಬರುವ ಭಾರಿ ಪ್ಯಾಕೇಜನ್ನು ಹಾಗೆ ಓದುವವರು ಯಾರೂ ಇಲ್ಲ, ಓದುತ್ತೇವೆ ಎಂದು ಹೇಳುವವರೂ ಇಲ್ಲ. ಇನ್ನು, ಒಂದು ಸಾಲಿನ ಪರೀಕ್ಷೆಗೆ ಪ್ರತ್ಯೇಕ ಪ್ಯಾಕೇಜ್ ಎಂಬ ಚಾಳಿ ಬೇರೆಯೇ ರೋಗ. ಅದನ್ನು ನಾನು ಸಮರ್ಥಿಸುತ್ತಿಲ್ಲ.

ಮೂರನೆಯ ಆಕ್ಷೇಪ ಸಾಮಾನ್ಯ ಓದುಗರದ್ದು. ಗೃಹಜ್ಯೋತಿ ಯೋಜನೆಗೆ 2023ರ ಜೂನ್ 18ರಂದು ಸೇವಾಸಿಂಧುವಿನಲ್ಲಿ ನೋಂದಣಿ ಆರಂಭವಾದಾಗ ‘ಸರ್ವರ್ ಡೌನ್’ ಎಂಬುದೇ ಸುದ್ದಿಯಾಯಿತು. 2008ರ ಜನವರಿ ಕೊನೆಯಲ್ಲಿ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿಯ ಕೇಬಲ್‌ಗಳು ತುಂಡಾದಾಗ ಭಾರತ, ಕುವೈತ್ ಎರಡರಲ್ಲೂ ಇಂಟರ್‌ನೆಟ್ ಕುಂಟಿತು. 2025ರ ಸೆಪ್ಟೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ಮತ್ತೆ ಅದೇ ಕಥೆ. ಸರ್ವರ್ ಬಿದ್ದಿದೆ, ಕೇಬಲ್ ತುಂಡಾಗಿದೆ, ಅಂಥದ್ದರಲ್ಲಿ ಫೋನಿನೊಳಗಿನ ನಾನೂರು ಸಾಲು ಏನು ಮಾಡೀತು? ಕೇಬಲ್ ಬೆಸೆಯಲಾರದು, ನಿಜ. ಆದರೆ ಕೇಬಲ್ ತುಂಡಾದಾಗ ಆ್ಯಪ್ ಸುಳ್ಳು ಹೇಳುತ್ತದೋ ನಿಜ ಹೇಳುತ್ತದೋ ಎಂಬುದು ಅಲ್ಲೇ ನಿರ್ಧಾರವಾಗುತ್ತದೆ. ಇಲ್ಲಿ ಪ್ರಾಮಿಸ್ಸಿನ ಮಿತಿಯನ್ನೂ ಒಪ್ಪಿಕೊಳ್ಳಬೇಕು. ಅದಕ್ಕೆ ತಾನಾಗಿ ಗಡುವು ಇಲ್ಲ. ಉತ್ತರ ಬಾರದಿದ್ದರೆ ಅನಂತಕಾಲ ‘ಬಾಕಿ’ ಸ್ಥಿತಿಯಲ್ಲೇ ಕೂರುತ್ತದೆ. ಗಡುವನ್ನು ಬರೆಯುವವರೇ ಸೇರಿಸಬೇಕು, ಅದಕ್ಕೆ ಹತ್ತು ಸಾಲು ಸಾಕು. ಅಪಾಯ ಇರುವುದು ಸೇರಿಸಿದ ಮೇಲೆ. ಗಡುವು ಮೀರಿತೆಂದು ಪ್ರಾಮಿಸ್ ‘ವಿಫಲ’ ಎಂದರೂ ಕಳಿಸಿದ ಕೇಳಿಕೆ ಹಿಂದಕ್ಕೆ ಬರುವುದಿಲ್ಲ. ಸಂಪರ್ಕ ಕಡಿದರೂ, ಸರ್ವರಿಗೆ ಅದಾಗಲೇ ತಲುಪಿದ ಆದೇಶ ತಲುಪಿದ್ದೇ. ಹಣ ಹೋಗಿರಬಹುದು. ಅದನ್ನು ‘ಪಾವತಿ ವಿಫಲ, ಮತ್ತೆ ಪ್ರಯತ್ನಿಸಿ’ ಎಂದು ತೋರಿಸಿದರೆ ಗಿರಾಕಿ ಮತ್ತೆ ಒತ್ತುತ್ತಾನೆ, ಎರಡು ಸಲ ಹಣ ಹೋಗುತ್ತದೆ. ಆದ್ದರಿಂದ ಬ್ಯಾಂಕು ‘ಇಲ್ಲ’ ಎಂದದ್ದಕ್ಕೂ ಬ್ಯಾಂಕು ಇನ್ನೂ ಏನೂ ಹೇಳದ್ದಕ್ಕೂ ಬೇರೆ ಬೇರೆ ಬಗೆಯ ವೈಫಲ್ಯವಿರಬೇಕು, ಬೇರೆ ಬೇರೆ ಸಂದೇಶವಿರಬೇಕು. ಮರುಪ್ರಯತ್ನವೂ ಮೊದಲಿನ ಉಲ್ಲೇಖ ಸಂಖ್ಯೆಯನ್ನೇ ಹೊತ್ತು ಹೋಗಬೇಕು. ಪ್ರತಿ ಸಲವೂ ಮೊದಲಿಗಿಂತ ಹೆಚ್ಚು ಹೊತ್ತು ಬಿಟ್ಟು ಹೋಗಬೇಕು. ಇಲ್ಲದಿದ್ದರೆ ಬಿದ್ದ ಸರ್ವರಿನ ಮೇಲೆ ಲಕ್ಷ ಫೋನುಗಳು ಒಟ್ಟಿಗೆ ಮುಗಿಬೀಳುತ್ತವೆ. ಇವು ಯಾವುವೂ ಭಾರಿ ಲೈಬ್ರರಿ ಕೊಂಡರೆ ಬರುವುದಿಲ್ಲ. ಹಣ ಎಂದರೇನೆಂದು ಬಲ್ಲವರು ಕೂತು ಯೋಚಿಸಿದರೆ ಬರುತ್ತವೆ, ಮತ್ತು ತಳದ ಸಲಕರಣೆ ಚಿಕ್ಕದಾಗಿ ಸ್ಪಷ್ಟವಾಗಿದ್ದರೆ ಆ ಯೋಚನೆಗೆ ಜಾಗ ಸಿಗುತ್ತದೆ.

ರಿಸರ್ವ್ ಬ್ಯಾಂಕ್ ಇದನ್ನು ತನ್ನದೇ ರೀತಿಯಲ್ಲಿ ಅರ್ಥಮಾಡಿಕೊಂಡಿದೆ. 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ ಯುಪಿಐನಲ್ಲಿ ಕಳಿಸಿದವರ ಖಾತೆಯಿಂದ ಹಣ ಕಡಿತವಾಗಿ ಪಡೆಯುವವರಿಗೆ ಜಮೆಯಾಗದಿದ್ದರೆ ಮರುದಿನದೊಳಗೆ ಅದು ತಾನಾಗಿ ವಾಪಸಾಗಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ‘ಬಾಕಿ’ ಎಂಬ ಸ್ಥಿತಿಗೆ ಕಾನೂನಿನ ಗಡುವು ಹಾಕಿದ್ದು ಎಂದರೆ ಇದೇ. ಕುವೈತಿನ ಎಕ್ಸ್‌ಚೇಂಜ್ ಕೌಂಟರಿಗೆ ಈ ಸುತ್ತೋಲೆ ಮುಟ್ಟದು. ಅಲ್ಲಿಂದ ಹೊರಟ ಹಣ ನಡುದಾರಿಯಲ್ಲಿ ನಿಂತರೆ ಕಳಿಸಿದವನ ಕೈಯಲ್ಲಿ ಉಳಿಯುವುದು ಆ್ಯಪ್ ಪರದೆಯ ಮೇಲೆ ಏನು ಬರೆದಿದೆಯೋ ಅದಷ್ಟೇ. ನಮ್ಮಲ್ಲಿ ಆ್ಯಪ್ ಮಾಡಿಸುವ ಇಲಾಖೆಗಳು, ಸಹಕಾರಿ ಬ್ಯಾಂಕುಗಳು, ಕಂಪನಿಗಳು ಪರದೆಗಳ ಬಣ್ಣ ಮತ್ತು ಸೌಲಭ್ಯಗಳ ಬಗ್ಗೆ ಪುಟಗಟ್ಟಲೆ ಷರತ್ತು ಬರೆಯುವುದಾದರೆ, ಎರಡು ಸಾಲನ್ನು ಇದಕ್ಕೂ ಮೀಸಲಿಡಲಿ. ಹೊರಗಿನ ಲೈಬ್ರರಿ ಬಳಸಿದ್ದರೆ ಯಾವುದು, ಯಾವ ಆವೃತ್ತಿ, ಯಾರು ಓದಿ ನೋಡಿದ್ದಾರೆ ಎಂದು ಕೇಳಲಿ. ಆ್ಯಪ್ ಒಪ್ಪಿಸಿಕೊಳ್ಳುವ ದಿನ ಅಧಿಕಾರಿಯೊಬ್ಬರು ಪಾವತಿಯ ಬಟನ್ ಒತ್ತಿ, ಚಕ್ರ ಸುತ್ತತೊಡಗಿದ ಕೂಡಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ನೋಡಲಿ. ‘ನಿಮ್ಮ ಕೋರಿಕೆ ಕಳಿಸಿದ್ದೇವೆ, ಬ್ಯಾಂಕಿನ ಉತ್ತರ ಬಂದಿಲ್ಲ, ಈ ಸಂಖ್ಯೆಯಿಂದ ವಿಚಾರಿಸಿ, ಸದ್ಯಕ್ಕೆ ಮತ್ತೆ ಕಳಿಸಬೇಡಿ’ ಎಂದು ಕನ್ನಡದಲ್ಲಿ ಬಂದರೆ ಸಹಿ ಹಾಕಬಹುದು. ಚಕ್ರ ಸುತ್ತುತ್ತಲೇ ಇದ್ದರೆ, ಅಥವಾ ‘ವಿಫಲ, ಮತ್ತೆ ಪ್ರಯತ್ನಿಸಿ’ ಎಂದರೆ, ಬಿಲ್ಲು ತಡೆಹಿಡಿಯಲಿ.